ಸುದ್ದಿ ಹೆಚ್ಚಾಯಿತು, ಊರಿನ ಮಾತು ಕಡಿಮೆಯಾಯಿತು

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಜಗಳ ಭತ್ತ ಅಳೆಯುವ ಕೊಳಗದ ಗಾತ್ರದ್ದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಊರಿನ ಜಗಳ ದೇಶದ ಸುದ್ದಿಯಾಯಿತು. ಮರುವರ್ಷ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಇಲ್ಲಿ ಮೊದಲು ಬಂದಿದ್ದು ಗೇಣಿಯ ಮಾತು, ನಾಯಕನ ಮುಖ ಆಮೇಲೆ.

1978ರಲ್ಲಿ ಇದು ತಿರುಗುಮುರುಗಾಯಿತು. ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತರು, ಎದುರಿಗೆ ವೀರೇಂದ್ರ ಪಾಟೀಲರು. ದೇಶ ವಿದೇಶದ ಪತ್ರಕರ್ತರು ಘಟ್ಟ ಹತ್ತಿ ಬಂದರು. ಅವರು ಬರೆದಿದ್ದು ಇಂದಿರಾ ಅವರನ್ನು, ಕಾಫಿ ತೋಟದ ಕೂಲಿಯನ್ನು ಅಷ್ಟಾಗಿ ಅಲ್ಲ.

ಆದರೂ ಆಗ ಸುದ್ದಿಗೊಂದು ಹೊತ್ತಿತ್ತು. ಭದ್ರಾವತಿ ಆಕಾಶವಾಣಿ 1965ರಿಂದ ಇದೆ. ವಾರ್ತೆ ಮುಗಿದರೆ ಕೃಷಿಯ ಮಾತು, ಹಾಡು. ಕೇಳಿದ್ದನ್ನು ಜನ ಚಹಾ ಅಂಗಡಿಯಲ್ಲಿ, ಸೊಸೈಟಿಯಲ್ಲಿ ಕೂತು ಚರ್ಚಿಸಲು ಪುರುಸೊತ್ತಿತ್ತು.

2006ರ ಕೊನೆಗೆ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಬಂದವು. ಇಪ್ಪತ್ನಾಲ್ಕು ಗಂಟೆ ತುಂಬಿಸಬೇಕು, ಆದರೆ ಅಷ್ಟು ಹೊಸ ಸುದ್ದಿ ದಿನಾ ಎಲ್ಲಿಂದ ಬರಬೇಕು? ಬಗರ್‌ಹುಕುಂ, ಅಂದರೆ ಉಳುಮೆ ಮಾಡುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎನ್ನುವ ಅರ್ಜಿಯ ಕಥೆ ಹೇಳಬೇಕಾದರೆ ವರದಿಗಾರ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಯಬೇಕು, ಕಡತ ಓದಬೇಕು. ನಾಯಕನ ಮನೆ ಮುಂದೆ ಕ್ಯಾಮೆರಾ ಇಡೋದು ಸುಲಭ, ಖರ್ಚೂ ಕಡಿಮೆ. ಹೀಗೆ ರೆಸಾರ್ಟ್, ಮುನಿಸು, ರಾಜೀನಾಮೆಗಳೇ ರಾಜಕೀಯವಾದವು. ಶಿಕಾರಿಪುರದ ಯಡಿಯೂರಪ್ಪನವರು 2007ರಲ್ಲಿ ಏಳೇ ದಿನ ಮುಖ್ಯಮಂತ್ರಿಯಾಗಿದ್ದು, 2021ರ ಜುಲೈನಲ್ಲಿ ವೇದಿಕೆಯ ಮೇಲೆಯೇ ಕಣ್ಣೀರಿಟ್ಟು ರಾಜೀನಾಮೆ ಹೇಳಿದ್ದು, ಎರಡನ್ನೂ ಶಿವಮೊಗ್ಗ ಜಿಲ್ಲೆಯ ಜನ ಟಿವಿಯಲ್ಲಿ ನೋಡಿದರು. ಇಷ್ಟು ಸಲ ನೋಡಿದ ಮುಖ ಮನೆಯವರ ಮುಖದಂತೆ ಆಗಿಬಿಡುತ್ತದೆ. ಅವರ ಮೇಲೆ ಮರುಕ ಬರುತ್ತದೆ ಅಥವಾ ಸಿಟ್ಟು ಬರುತ್ತದೆ. ಏನು ಕೆಲಸ ಮಾಡಿದರು ಅನ್ನೋ ಪ್ರಶ್ನೆ ಮಾತ್ರ ಹಿಂದೆ ಸರಿಯುತ್ತದೆ.

ಮಾಧ್ಯಮ ಸಂಶೋಧಕರಾದ ಮ್ಯಾಕ್ಸ್‌ವೆಲ್ ಮೆಕ್‌ಕೂಂಬ್ಸ್ ಮತ್ತು ಡೊನಾಲ್ಡ್ ಶಾ 1968ರ ಅಮೆರಿಕದ ಚುನಾವಣೆ ಹೊತ್ತಿಗೆ ಚಾಪೆಲ್ ಹಿಲ್‌ನಲ್ಲಿ 100 ಮತದಾರರನ್ನು ಮಾತಾಡಿಸಿದ್ದರು. ಮಾಧ್ಯಮ ಯಾವುದಕ್ಕೆ ಜಾಸ್ತಿ ಜಾಗ ಕೊಟ್ಟಿತ್ತೋ, ಮತದಾರರೂ ಹೆಚ್ಚುಕಮ್ಮಿ ಅದನ್ನೇ ಮುಖ್ಯ ಎಂದರು. ಯಾರಿಗೆ ವೋಟು ಹಾಕಬೇಕು ಅಂತ ಸುದ್ದಿ ನೇರವಾಗಿ ಹೇಳಬೇಕಿಲ್ಲ. ಯಾವುದನ್ನು ಯೋಚಿಸಬೇಕು ಅನ್ನೋದನ್ನು ಅದು ಮೊದಲೇ ಆರಿಸಿರುತ್ತದೆ.

ನಮ್ಮಲ್ಲಿ ಇದರ ಪೆಟ್ಟು ಬಿದ್ದಿರುವುದು ಶರಾವತಿ ಸಂತ್ರಸ್ತರಿಗೆ. ಶರಾವತಿ ನದಿಗೆ ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ನಾಡಿಗೆ ಬೆಳಕು ಕೊಡಲು ಮನೆ, ಜಮೀನು ಮುಳುಗಿಸಿಕೊಂಡವರ ಭೂಹಕ್ಕಿನ ವಿಷಯ ಇನ್ನೂ ಬಗೆಹರಿದಿಲ್ಲ. ಪ್ರತಿ ಚುನಾವಣೆಯಲ್ಲೂ ಭರವಸೆ ಕೊಡುತ್ತಾರೆ. ಆದರೆ ಅರವತ್ತು ವರ್ಷದ ನೋವು ಬ್ರೇಕಿಂಗ್ ನ್ಯೂಸ್ ಆಗುವುದಿಲ್ಲ, ಅಲ್ವಾ? ಮೊನ್ನೆ ಏನಾಯಿತು ಎಂದು ಕೇಳಿದರೆ ಅಲ್ಲಿ ಹೇಳಲು ಹೊಸದೇನೂ ಇಲ್ಲ. 2024ರ ಲೋಕಸಭೆ ಚುನಾವಣೆಗೆ ಶಿವಮೊಗ್ಗದಲ್ಲಿ ಯಡಿಯೂರಪ್ಪನವರ ಮಗ ರಾಘವೇಂದ್ರ, ಬಂಗಾರಪ್ಪನವರ ಮಗಳು ಗೀತಾ ಶಿವರಾಜ್‌ಕುಮಾರ್, ಬಿಜೆಪಿಗೆ ಬಂಡಾಯವೆದ್ದ ಈಶ್ವರಪ್ಪ ನಿಂತಾಗ ಮಾತೆಲ್ಲ ಮನೆತನ ಮತ್ತು ಬಂಡಾಯದ ಸುತ್ತಲೇ ಸುತ್ತಿತು.

ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಪ್ರಚಾರ ಮಾಡಬಾರದೆಂದು ಕಾನೂನಿದೆ. ಆ ಸಲ ಶಿವಮೊಗ್ಗದಲ್ಲಿ ಮತದಾನ ಮೇ 7ರಂದು, ದೇಶದ ಕೊನೆಯ ಹಂತ ಜೂನ್ 1ಕ್ಕೆ. ಇಲ್ಲಿ ಮೈಕು ನಿಂತ ಮೇಲೂ ಬೇರೆ ರಾಜ್ಯಗಳ ಸಭೆಗಳು ಟಿವಿಯಲ್ಲಿ, ಮೊಬೈಲಿನಲ್ಲಿ ನಡೆದೇ ಇದ್ದವು.