ಎಂಒಎ: ನಿಮಿಷವೂ ಅಲ್ಲ, ಇಂಚೂ ಅಲ್ಲ

ಟಿವಿಯಲ್ಲಿ ಹೆಲಿಕಾಪ್ಟರ್‌ನಿಂದ ರೈಫಲ್ ಹೊಡೆಯುವ ದೃಶ್ಯ ಬಂದರೆ ಸಾಕು, ಕೆಳಗೊಂದು ಸಾಲು ಓಡುತ್ತದೆ: 'ಒಂದು ನಿಮಿಷದ ನಿಖರತೆಯ ಬಂದೂಕು'. ಈಗ ತೀರ್ಥಹಳ್ಳಿ ಕಡೆ ಬೆಳೆ ರಕ್ಷಣೆಗೆ ಅಂತ ಕೋವಿ ಇಟ್ಟುಕೊಂಡವರ ಬಾಯಲ್ಲೂ ಅದೇ ಮಾತು. "ಒಂದು ನಿಮಿಷದೊಳಗೆ ಗುರಿ ಹಿಡಿಯುತ್ತಂತೆ ಮಾರಾಯ, ಬೋಟಿನ ಮೇಲಿಂದಲೂ!" ಕಾಡುಹಂದಿ ಅಷ್ಟು ಹೊತ್ತು ನಿಂತಿರುತ್ತದಾ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಈ 'ಒಂದು ನಿಮಿಷ' ಹುಟ್ಟಿದ್ದು ಇಂಗ್ಲಿಷಿನ 'ಒಂದು ಎಂಒಎ'ಯ ಅನುವಾದದಿಂದ. ಎಂಒಎ ಅಂದರೆ ಮಿನಿಟ್ ಆಫ್ ಆಂಗಲ್. ಈ ಮಿನಿಟ್‌ಗೂ ಗಡಿಯಾರದ ಮುಳ್ಳಿಗೂ ಸಂಬಂಧವಿಲ್ಲ. ಇದು ಕೋನದ ಅಳತೆ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಸಿಗುವ ಒಂದು ಪಾಲು.

ಗೊಂದಲದ ಬೇರು ಲ್ಯಾಟಿನ್‌ನಲ್ಲಿದೆ. ಅಲ್ಲಿ ಡಿಗ್ರಿಯ ಅರವತ್ತನೇ ಪಾಲಿಗೆ 'ಪಾರ್ಸ್ ಮಿನೂಟಾ ಪ್ರೀಮಾ' ಅನ್ನುತ್ತಿದ್ದರು. ಮೊದಲ ಸಣ್ಣ ಪಾಲು ಅಂತ ಅರ್ಥ. ಅದನ್ನು ಮತ್ತೆ 60 ಮಾಡಿದರೆ 'ಪಾರ್ಸ್ ಮಿನೂಟಾ ಸೆಕುಂಡಾ', ಎರಡನೇ ಸಣ್ಣ ಪಾಲು. ಮಿನಿಟ್, ಸೆಕೆಂಡ್ ಎರಡೂ ಅಲ್ಲಿಂದ ಬಂದವು. ಆ ಪದದೊಳಗೆ ಸಮಯ ಇಲ್ಲವೇ ಇಲ್ಲ, ಇರುವುದು ಸಣ್ಣತನ ಮಾತ್ರ. ಹಾಗಾಗಿ ಅದು ಗಂಟೆಗೂ ಸಲ್ಲುತ್ತದೆ, ಕೋನಕ್ಕೂ ಸಲ್ಲುತ್ತದೆ.

ನಮ್ಮ 'ನಿಮಿಷ' ಹಾಗಲ್ಲ. ಅದು ರೆಪ್ಪೆ ಮಿಟುಕಿಸುವ ಹೊತ್ತು. ದೇವತೆಗಳನ್ನು 'ಅನಿಮಿಷರು' ಅನ್ನುವುದು ಅವರು ರೆಪ್ಪೆ ಬಡಿಯುವುದಿಲ್ಲ ಅಂತಲೇ ಅಲ್ವಾ? ಹೀಗೆ ಹೊತ್ತಿನಿಂದಲೇ ಹುಟ್ಟಿದ ಪದವನ್ನು ತಂದು ಕೋನಕ್ಕೆ ಅಂಟಿಸಿದರೆ ಓದುವವರಿಗೆ ಗಡಿಯಾರ ಕಾಣದೆ ಇನ್ನೇನು ಕಾಣಬೇಕು?

ಸಿಟ್ಟು ಬರುವುದು ಇದಕ್ಕಲ್ಲ. ಸರಿಯಾದ ಪದ ಮನೆಯಲ್ಲೇ ಬಿದ್ದಿದೆ. ಜಾತಕದಲ್ಲಿ ಗ್ರಹಸ್ಫುಟದ, ಅಂದರೆ ಯಾವ ಗ್ರಹ ಎಲ್ಲಿದೆ ಅನ್ನುವ ಪಟ್ಟಿ ನೋಡಿ: ರಾಶಿ, ಅಂಶ, ಕಲೆ, ವಿಕಲೆ. ಅಂಶ ಅಂದರೆ ಡಿಗ್ರಿ. ಅದರ ಅರವತ್ತನೇ ಪಾಲು ಕಲೆ. ಇದೇ ನಮ್ಮ ಎಂಒಎ. ಹಳಬರು ಇದಕ್ಕೆ 'ಲಿಪ್ತೆ' ಅಂತಲೂ ಅನ್ನುತ್ತಿದ್ದರು. ಅದು ಗ್ರೀಕಿನ 'ಲೆಪ್ಟಾನ್'ನಿಂದ ಬಂದದ್ದು, ಅರ್ಥ ಮತ್ತೆ ಸಣ್ಣದು ಅಂತಲೇ. ಇನ್ನೂ ಒಂದು ಮಜಾ ಇದೆ. ಪೂರ್ತಿ ಸುತ್ತಿಗೆ 21,600 ಕಲೆ. ಪರಿಧಿ ಅಷ್ಟಿದ್ದರೆ ತ್ರಿಜ್ಯ ಎಷ್ಟು? 3438. ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ ತನ್ನ ಜ್ಯಾ (ಈಗಿನ ಸೈನ್) ಕೋಷ್ಟಕ ಕಟ್ಟಿದ್ದು ಇದೇ ಸಂಖ್ಯೆಯ ಮೇಲೆ. ಇವತ್ತು ರೈಫಲ್ ಸ್ಕೋಪುಗಳಲ್ಲಿ ಮಿಲಿರೇಡಿಯನ್ ಅಂತ ಇನ್ನೊಂದು ಅಳತೆ ಬರುತ್ತದೆ. ಪರಿಧಿಯ ಮೇಲೆ ತ್ರಿಜ್ಯದ ಸಾವಿರದ ಒಂದು ಪಾಲು ಅಳೆದರೆ ಸಿಗುವ ಕೋನ ಅದು. ಒಂದು ಮಿಲಿರೇಡಿಯನ್‌ಗೆ 3.438 ಎಂಒಎ. ಅದೇ ಸಂಖ್ಯೆ, ದಶಾಂಶದ ಚುಕ್ಕಿ ಮಾತ್ರ ಬೇರೆ ಕಡೆ! ಇಷ್ಟಾದರೂ ಸುದ್ದಿಯಲ್ಲಿ 'ಕಲೆ' ಅಂತ ಬರೆದರೆ ಜನ ಚಿತ್ರಕಲೆ ಅಂದುಕೊಂಡಾರು. ಎಂಒಎ ಅಂತಲೇ ಬರೆಯಿರಿ. ನಿಮಿಷ ಮಾತ್ರ ಬೇಡ.

'ಒಂದು ಎಂಒಎ ಅಂದರೆ ಒಂದು ಇಂಚು' ಅನ್ನುವವರ ಜೊತೆ ನನಗೆ ಅಷ್ಟು ಜಗಳವಿಲ್ಲ. 100 ಗಜದಲ್ಲಿ ಅದು 1.047 ಇಂಚು, ಹತ್ತಿರ ಹತ್ತಿರ ಸರಿ. 100 ಮೀಟರಿನಲ್ಲಿ 2.9 ಸೆಂಟಿಮೀಟರ್. ದೂರ ಎರಡರಷ್ಟಾದರೆ ಇದೂ ಎರಡರಷ್ಟು. ದೂರ ಹೇಳದೆ ಸುಮ್ನೆ ಇಂಚು ಅಂದರೆ ಮಾತಿಗೆ ಅರ್ಥವಿಲ್ಲ, ಅಷ್ಟೇ.

ಇನ್ನು 'ಒಂದು ಎಂಒಎ ರೈಫಲ್'. ಗಟ್ಟಿ ಆಸರೆ ಮೇಲಿಟ್ಟು ಕೆಲವು ಗುಂಡು ಹೊಡೆದರೆ ಅವೆಲ್ಲ ಅಷ್ಟು ಕೋನದೊಳಗೆ ಬೀಳುತ್ತವೆ ಅಂತ ಅದರ ಅರ್ಥ. ಗಟ್ಟಿ ಆಸರೆ ಅನ್ನುವ ಈ ಷರತ್ತನ್ನೇ ಎಲ್ಲರೂ ನುಂಗಿಬಿಡುತ್ತಾರೆ. ಆ ಸಂಖ್ಯೆ ಬಂದೂಕು ಮತ್ತು ತೋಟಾದ್ದು. ಹೊಡೆಯುವವನು ಕೂತ ಜಾಗದ್ದಲ್ಲ.

2025ರಲ್ಲಿ ಸೇತುವೆ ಆಗುವ ಮೊದಲು ಸಿಗಂದೂರಿಗೆ ಶರಾವತಿ ಹಿನ್ನೀರು ದಾಟುತ್ತಿದ್ದ ಲಾಂಚ್ ಹತ್ತಿದವರು ಒಮ್ಮೆ ಬೈನಾಕ್ಯುಲರ್‌ನಲ್ಲಿ ಎದುರು ದಡದ ಒಂದು ಮರ ಹಿಡಿಯಲು ನೋಡಿರಬಹುದು. ನೀರು ಸಪಾಟಾಗಿಯೇ ಇರುತ್ತದೆ, ಆದರೂ ಮರ ಕುಣಿಯುತ್ತದೆ. ಲೆಕ್ಕ ಹಾಕಿ. ದೋಣಿ ಒಂದೇ ಒಂದು ಡಿಗ್ರಿ ವಾಲಿದರೆ 60 ಎಂಒಎ. 100 ಮೀಟರಿನಲ್ಲಿ ಗುರಿ 1.75 ಮೀಟರ್ ತಪ್ಪುತ್ತದೆ, ಒಂದಾಳೆತ್ತರ. ಇಷ್ಟು ದೊಡ್ಡ ತಪ್ಪಿನ ಮುಂದೆ ನಿಮ್ಮ ಬಂದೂಕು ಒಂದು ಎಂಒಎ ಆದರೇನು, ಎರಡಾದರೇನು? ಅಲೆಗೆ ದೋಣಿ ಮೇಲೆ ಕೆಳಗೆ ಏಳುವುದಕ್ಕೆ ಜನ ಜಾಸ್ತಿ ಹೆದರುತ್ತಾರೆ. ಆದರೆ ದೋಣಿ ನೆಟ್ಟಗೆ ಹತ್ತು ಸೆಂಟಿಮೀಟರ್ ಎದ್ದು ನಿಂತ ಕ್ಷಣ ಹೊಡೆದರೆ ಗುಂಡೂ ಹತ್ತೇ ಸೆಂಟಿಮೀಟರ್ ಮೇಲೆ ಹೋಗುತ್ತದೆ, ಎಷ್ಟೇ ದೂರವಿರಲಿ. ಕೆಡಿಸುವುದು ವಾಲುವಿಕೆ. ಅದು ಕೋನ, ದೂರದ ಜೊತೆ ಬೆಳೆಯುತ್ತದೆ.

ಹೆಲಿಕಾಪ್ಟರ್‌ನ ತೊಂದರೆ ಬೇರೆ. ರೆಕ್ಕೆಯ ಗಾಳಿ ಗುಂಡನ್ನು ತಳ್ಳಿಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಗುಂಡು ಆ ಗಾಳಿಯಲ್ಲಿ ಇರುವುದೇ ಕ್ಷಣದ ಒಂದು ಚೂರು. ಅದಕ್ಕಿಂತ ಕಾಡುವುದು ನಡುಕ. ಅದಕ್ಕೇ ಬಂದೂಕನ್ನು ಬಾಗಿಲ ಚೌಕಟ್ಟಿಗೆ ಒತ್ತದೆ, ಪಟ್ಟಿಯಲ್ಲೋ ರಬ್ಬರ್ ಹಗ್ಗದಲ್ಲೋ ತೂಗುಹಾಕುವುದುಂಟು. ಇನ್ನೊಂದು, ವೇಗ. ಗಂಟೆಗೆ 100 ಕಿಲೋಮೀಟರ್ ಓಡುವ ಹೆಲಿಕಾಪ್ಟರ್‌ನಿಂದ ಪಕ್ಕಕ್ಕೆ ಹೊಡೆದ ಗುಂಡು ಆ ವೇಗವನ್ನೂ ಹೊತ್ತುಕೊಂಡೇ ಹೋಗುತ್ತದೆ. ಗುಂಡಿನ ವೇಗ ಸೆಕೆಂಡಿಗೆ 800 ಮೀಟರ್ ಅಂತಿಟ್ಟುಕೊಳ್ಳಿ. 100 ಮೀಟರ್ ಆಚೆ ನಿಂತ ಗುರಿಯಿಂದ ಸುಮಾರು ಮೂರೂವರೆ ಮೀಟರ್ ಮುಂದೆ ಬೀಳುತ್ತದೆ. ಎಂಒಎ ಲೆಕ್ಕದಲ್ಲಿ ಹತ್ತಿರ ಹತ್ತಿರ 120. ಓಡುವ ಹಂದಿಯ ಮುಂದಕ್ಕೆ ಗುರಿ ಇಟ್ಟು ರೂಢಿಯಾದವರು ಇಲ್ಲಿ ಗುರಿಯ ಹಿಂದಕ್ಕೆ ಇಡಬೇಕು! ಗುರಿಯೂ ಅದೇ ವೇಗದಲ್ಲಿ ಜೊತೆಜೊತೆಗೆ ಓಡುತ್ತಿದ್ದರೆ ಈ ತಿದ್ದುಪಡಿ ಬಹುಪಾಲು ಬೇಕಾಗುವುದಿಲ್ಲ.

ಅಮೆರಿಕದ ಕೋಸ್ಟ್ ಗಾರ್ಡ್‌ನವರು ಮಾದಕವಸ್ತು ಸಾಗಿಸುವ ವೇಗದ ದೋಣಿಗಳನ್ನು ನಿಲ್ಲಿಸುವುದು ಹೀಗೇ. ಹೆಲಿಕಾಪ್ಟರ್ ದೋಣಿಯ ಪಕ್ಕದಲ್ಲೇ ಹಾರುತ್ತದೆ. ಮೊದಲು ಎಚ್ಚರಿಕೆಯ ಗುಂಡು, ಕೇಳದಿದ್ದರೆ .50 ಕ್ಯಾಲಿಬರ್, ಅಂದರೆ ಸುಮಾರು ಅರ್ಧ ಇಂಚು ದಪ್ಪದ ಗುಂಡಿನ ರೈಫಲ್‌ನಿಂದ ಎಂಜಿನ್‌ಗೆ. ದೂರದಿಂದ ಹೊಡೆದು ಹೆಸರು ಮಾಡುವ ಚಟ ಅಲ್ಲಿಲ್ಲ. 2009ರ ಏಪ್ರಿಲ್‌ನಲ್ಲಿ ಸೊಮಾಲಿಯಾ ಬಳಿ 'ಮರ್ಸ್ಕ್ ಅಲಬಾಮಾ' ಹಡಗಿನ ಕ್ಯಾಪ್ಟನ್‌ನನ್ನು ಬಿಡಿಸಿದ್ದೂ ಹಾಗೆಯೇ. ಕಡಲ್ಗಳ್ಳರು ಅವನನ್ನು ಒತ್ತೆ ಇಟ್ಟುಕೊಂಡಿದ್ದ ಲೈಫ್‌ಬೋಟನ್ನು ಅಮೆರಿಕದ ಯುದ್ಧನೌಕೆ ಹಗ್ಗ ಕಟ್ಟಿ ಎಳೆಯುತ್ತಿತ್ತು. ಹಗ್ಗ ಗಿಡ್ಡ ಮಾಡಿ ಅಂತರವನ್ನು ಸುಮಾರು 30 ಮೀಟರಿಗೆ ಇಳಿಸಿದರು, ಆಮೇಲೆ ನೌಕೆಯ ಮೇಲಿಂದ ಮೂವರು ಗುರಿಕಾರರು ಒಟ್ಟಿಗೆ ಹೊಡೆದರು. 'ಬರೀ 30 ಮೀಟರಾ?' ಅಂತ ಮೂಗು ಮುರಿಯುವವರಿದ್ದಾರೆ. ಎರಡೂ ಕಡೆ ಅಲೆ, ನಡುವೆ ಒತ್ತೆಯಾಳು. ಅಷ್ಟು ಹತ್ತಿರದಲ್ಲೂ ಒಂದು ಡಿಗ್ರಿ ವಾಲಿದರೆ ಅರ್ಧ ಮೀಟರ್ ತಪ್ಪುತ್ತದೆ.

ಸಕ್ರೆಬೈಲಿನ ಸಾಕಾನೆಗಳನ್ನು ಕಾಡಾನೆ ಹಿಡಿಯಲು ಕರೆದೊಯ್ಯುತ್ತಾರಲ್ಲ, ಆನೆ ಬೆನ್ನಿನ ಮೇಲೆ ಕೂತು ಅರವಳಿಕೆ ಹೊಡೆಯುವವರಿಗೆ ಇದನ್ನು ಯಾರೂ ಪಾಠ ಮಾಡಬೇಕಿಲ್ಲ. ಆನೆ ಉಸಿರಾಡಿದರೂ ಅವರು ಕೂತ ಜಾಗ ಅಲುಗುತ್ತದೆ. ಅರವಳಿಕೆಯ ಸೂಜಿಯೂ ಗುಂಡಿನಷ್ಟು ವೇಗದ್ದಲ್ಲ. ಅಲ್ಲಿ ಎಂಒಎ ಮಾತೇ ಬರುವುದಿಲ್ಲ. ಇನ್ನೂ ಎಷ್ಟು ಮೀಟರ್ ಹತ್ತಿರ ಹೋಗಬಹುದು, ಆನೆ ಎಷ್ಟು ಹೊತ್ತು ನಿಂತೀತು ಅನ್ನುವುದೇ ಮಾತು.