ಗಾಳಿ ತಿಂದ ನುಗ್ಗೆ ಗಿಡ

ಪಕ್ಕದ ಮನೆಯವರು ತಾರಸಿ ಮೇಲೆ ಹಳೇ ಡ್ರಮ್ಮಿನಲ್ಲಿ ನುಗ್ಗೆ ಗಿಡ ಬೆಳೆಸಿದ್ದಾರೆ. ಎರಡೇ ವರ್ಷಕ್ಕೆ ನನ್ನ ತಲೆ ಮೀರಿದೆ. ಮೊನ್ನೆ ನಾಲ್ಕು ಕಾಯಿ ಕೊಡಲು ಬಂದವರು, "ನೋಡಿ ಸಾರ್, ಡ್ರಮ್ ತುಂಬಾ ಮಣ್ಣು ಹಾಕಿದ್ದೆ. ಈಗ ಅರ್ಧ ಅಡಿ ಇಳಿದುಹೋಗಿದೆ. ಎಲ್ಲಾ ಗಿಡಾನೇ ತಿಂದು ಹಾಕ್ತು" ಅಂದರು. ಅವರ ನುಗ್ಗೆಕಾಯಿ ಕೈಯಲ್ಲಿ ಹಿಡಿದುಕೊಂಡು ವಾದ ಮಾಡುವುದು ಸರಿಯಲ್ಲ ಅಂತ ಸುಮ್ಮನಾದೆ. ಹುಳಿ ಮಾಡಿ ಉಂಡಾಯಿತು, ಈಗ ಬರೆಯುತ್ತಿದ್ದೇನೆ.

ಗಿಡ ಮಣ್ಣು ತಿನ್ನುವುದಿಲ್ಲ. ಡ್ರಮ್ಮಿನ ಮಣ್ಣು ಇಳಿದದ್ದು ಅದರಲ್ಲಿದ್ದ ಕಾಂಪೋಸ್ಟು, ತೆಂಗಿನ ನಾರಿನ ಪುಡಿ ಕೊಳೆತು ಕುಸಿದದ್ದರಿಂದ. ಕೊಳೆಯುವುದು ಅಂದರೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ತಿಂದು ಉಸಿರು ಬಿಡುವುದು. ಹಾಗಾಗಿ ಕಾಣೆಯಾದ ಮಣ್ಣಿನ ಒಂದು ಪಾಲು ನಿಜಕ್ಕೂ ಗಾಳಿಗೆ ಹೋಗಿದೆ. ನುಗ್ಗೆ ಗಿಡದ ಕಾಂಡವೋ, ನೀರು ಬಿಟ್ಟರೆ ಬಹುಪಾಲು ಗಾಳಿಯಿಂದ ಬಂದಿದೆ. ಲೆಕ್ಕ ಪೂರ್ತಿ ಉಲ್ಟಾ.

ಈ ತಪ್ಪು ನಮ್ಮ ನೆರೆಯವರದ್ದೊಂದೇ ಅಲ್ಲ. ಯುರೋಪಿನಲ್ಲೂ ಸುಮಾರು ಎರಡು ಸಾವಿರ ವರ್ಷ ಹೆಚ್ಚಿನವರು ಹೀಗೇ ನಂಬಿದ್ದರು. ಬ್ರಸೆಲ್ಸ್‌ನ ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಎಂಬ ವೈದ್ಯ ಮಾತ್ರ ತೂಗಿ ನೋಡೋಣ ಅಂದ. ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣನ್ನು ಕುಂಡಕ್ಕೆ ತುಂಬಿ, 5 ಪೌಂಡ್ ತೂಕದ ವಿಲೋ ಸಸಿ ನೆಟ್ಟ. ಧೂಳು ಬೀಳದ ಹಾಗೆ ತೂತಿನ ಮುಚ್ಚಳ ಹಾಕಿದ. ಹೊಯ್ದದ್ದು ಬರೀ ನೀರು. 5 ವರ್ಷದ ಮೇಲೆ ಮರ 169 ಪೌಂಡ್ ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದದ್ದು ಸುಮಾರು 2 ಔನ್ಸ್. ನಮ್ಮ ಲೆಕ್ಕದಲ್ಲಿ ಮರಕ್ಕೆ ಸೇರಿದ್ದು 74 ಕಿಲೋ, ಮಣ್ಣಿನಿಂದ ಹೋದದ್ದು 60 ಗ್ರಾಮೂ ಇಲ್ಲ!

ಹಾಗಾದರೆ ಮರವೆಲ್ಲ ನೀರೇ ಅಂತ ಹೆಲ್ಮಾಂಟ್ ತೀರ್ಮಾನಿಸಿದ. ಎಡವಿದ್ದು ಇಲ್ಲಿ. ನನಗೆ ನಗುವೂ ಕನಿಕರವೂ ಬರುವುದು ಮುಂದಿನದಕ್ಕೆ. ಇದೇ ಮನುಷ್ಯ 62 ಪೌಂಡ್ ಇದ್ದಿಲು ಸುಟ್ಟರೆ 1 ಪೌಂಡ್ ಬೂದಿ ಮಾತ್ರ ಉಳಿಯುತ್ತದೆ ಎಂದು ಬರೆದಿದ್ದ. ಉಳಿದ 61 ಪೌಂಡ್ ಕಣ್ಣಿಗೆ ಕಾಣದ ಏನೋ ಆಗಿ ಹಾರಿಹೋಯಿತಲ್ಲ, ಅದಕ್ಕೊಂದು ಹೊಸ ಹೆಸರನ್ನೂ ಕೊಟ್ಟ: ಗ್ಯಾಸ್. ಹೌದು, ನಾವು ದಿನಾ ಹೇಳುವ ಗ್ಯಾಸ್ ಎಂಬ ಪದ ಅವನದೇ. ಇದ್ದಿಲು ಗ್ಯಾಸ್ ಆಗುವುದನ್ನು ಕಂಡವನಿಗೆ, ಗ್ಯಾಸ್ ಮರವಾಗುವುದು ಹೊಳೆಯಲಿಲ್ಲ. ಎರಡೂ ಸಂಗತಿ ಅವನ ಬರಹದಲ್ಲೇ ಇದ್ದವು. ಅದು ಅಚ್ಚಾದದ್ದು 1648ರಲ್ಲಿ, ಅವನು ಸತ್ತ ನಾಲ್ಕು ವರ್ಷದ ಮೇಲೆ. ಮಗ ಅಚ್ಚು ಹಾಕಿಸಿದ. ಅವೆರಡನ್ನೂ ಸೇರಿಸಿ ಅರ್ಥ ಮಾಡಿಕೊಳ್ಳಲು ಮುಂದಿನವರಿಗೆ ನೂರೈವತ್ತು ವರ್ಷ ಹಿಡಿಯಿತು.

ಒಣ ಸೌದೆಯ ತೂಕದಲ್ಲಿ ಅರ್ಧದಷ್ಟು ಇಂಗಾಲ. ಇದೆಲ್ಲ ಗಾಳಿಯ ಇಂಗಾಲದ ಡೈಆಕ್ಸೈಡಿನದು. ಆದರೆ ಗಾಳಿಯಲ್ಲಿ ಅದು ಎಷ್ಟಿದೆ ಗೊತ್ತಾ? 10,000 ಲೀಟರಿನಲ್ಲಿ ಬರೀ 4 ಲೀಟರ್ ಚಿಲ್ಲರೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿಯನ್ನೆಲ್ಲ ಸೋಸಿದರೂ ಸಿಗುವ ಇಂಗಾಲ 6 ಗ್ರಾಂ ದಾಟುವುದಿಲ್ಲ. ಒಂದು ಕಿಲೋ ಸೌದೆಗೆ ಅಂಥ 80ಕ್ಕೂ ಜಾಸ್ತಿ ಕೋಣೆ ಗಾಳಿ ಬೇಕು. ಕೆರೆಯ ನೀರಿನಲ್ಲಿ ಕರಗಿದ ನಾಲ್ಕು ಚಮಚ ಸಕ್ಕರೆಯನ್ನು ಹೆಕ್ಕಿ ಮೈಸೂರು ಪಾಕ್ ಮಾಡಿದ ಹಾಗೆ.

ಹೆಕ್ಕುವ ಕೆಲಸ ಮಾಡುವುದು ರುಬಿಸ್ಕೋ ಎಂಬ ಕಿಣ್ವ, ಅಂದರೆ ಎಲೆಯೊಳಗೆ ರಾಸಾಯನಿಕ ಕೆಲಸ ಮಾಡಿಸುವ ಒಂದು ಪ್ರೋಟೀನು. ಇದರ ಬಗ್ಗೆ ಮಾತಾಡಲು ಶುರುಮಾಡಿದರೆ ನನ್ನನ್ನು ನಿಲ್ಲಿಸುವುದು ಕಷ್ಟ. ಬೇರೆ ಕೆಲವು ಕಿಣ್ವಗಳು ಸೆಕೆಂಡಿಗೆ ಸಾವಿರಗಟ್ಟಲೆ ಅಣು ಮುಗಿಸುತ್ತವೆ. ಇದು ಮುಗಿಸುವುದು ಮೂರೋ ನಾಲ್ಕೋ. ಊಟದ ಹೊತ್ತು ಮುಗಿದರೂ ಕೌಂಟರಿಗೆ ಬಾರದ ಗುಮಾಸ್ತನ ಹಾಗೆ. ಅದೂ ಸಾಲದು ಅಂತ, ನಾಲ್ಕೈದು ಸಲಕ್ಕೊಮ್ಮೆ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ತಪ್ಪು ಫೈಲಿಗೆ ಸೀಲು ಒತ್ತಿದಂತೆ. ಆ ತಪ್ಪು ತಿದ್ದಲು ಗಿಡ ಮತ್ತೆ ಶಕ್ತಿ ಖರ್ಚು ಮಾಡಬೇಕು, ಹಿಡಿದಿದ್ದ ಇಂಗಾಲದಲ್ಲೂ ಒಂದಿಷ್ಟು ಬಿಡಬೇಕು. ಇಂಥ ಗುಮಾಸ್ತನನ್ನು ಇಟ್ಟುಕೊಂಡು ಆಫೀಸು ನಡೆಸುವುದು ಹೇಗೆ? ಸಾಲಾಗಿ ಸಾವಿರ ಜನರನ್ನು ಕೂರಿಸುವುದು. ಗಿಡ ಮಾಡಿರುವುದೂ ಅದನ್ನೇ. ಭತ್ತ, ಗೋಧಿಯಂಥ ಗಿಡಗಳ ಎಲೆಯಲ್ಲಿ ಬೇರೆ ಯಾವ ಪ್ರೋಟೀನೂ ಇದರಷ್ಟು ಇರುವುದಿಲ್ಲ.

ರುಬಿಸ್ಕೋ ಪರವಾಗಿಯೂ ಒಂದು ಮಾತು ಹೇಳಬೇಕು. ಅದು ಹುಟ್ಟಿದ ಕಾಲಕ್ಕೆ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಇವತ್ತು ಆಮ್ಲಜನಕದ 500 ಅಣುಗಳ ನಡುವೆ ಇಂಗಾಲದ ಡೈಆಕ್ಸೈಡಿನದು ಒಂದೇ ಒಂದು. ಜಾತ್ರೆಯ ನೂಕುನುಗ್ಗಲಿನಲ್ಲಿ ಪರಿಚಯದ ಒಂದು ಮುಖ ಹುಡುಕಬೇಕು. ಅಷ್ಟರಲ್ಲೂ ಜಾಸ್ತಿ ಸಲ ಸರಿಯಾದವರ ಕೈಯನ್ನೇ ಹಿಡಿಯುತ್ತದಲ್ಲ, ಅದೇ ದೊಡ್ಡದು.

ರಾಗಿ, ಜೋಳ, ಕಬ್ಬು ಈ ಗುಮಾಸ್ತನನ್ನು ಒಳಕೋಣೆಗೆ ಕಳಿಸಿವೆ. ಹೊರಗೆ ಇನ್ನೊಂದು ಕಿಣ್ವ ಕೂತಿದೆ. ಅದು ಆಮ್ಲಜನಕದ ಕಡೆ ತಿರುಗಿಯೂ ನೋಡುವುದಿಲ್ಲ. ಇಂಗಾಲವನ್ನು ಹಿಡಿದು, ಎಲೆಯ ನರದ ಸುತ್ತ ಇರುವ ದಪ್ಪ ಗೋಡೆಯ ಕೋಶಗಳಿಗೆ ಸಾಗಿಸುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಕಿಕ್ಕಿರಿದಿರುವುದರಿಂದ ರುಬಿಸ್ಕೋ ತಪ್ಪು ಮಾಡಬೇಕೆಂದರೂ ಅವಕಾಶ ಕಡಿಮೆ. ಸೆಕೆ ಜಾಸ್ತಿಯಾದಷ್ಟೂ ಅದರ ತಪ್ಪು ಜಾಸ್ತಿಯಾಗುತ್ತದೆ, ಆದ್ದರಿಂದ ಬಯಲುಸೀಮೆಯ ಬಿಸಿಲಲ್ಲಿ ಈ ಏರ್ಪಾಡಿಗೆ ಬೆಲೆ ಹೆಚ್ಚು.

ಇನ್ನು ಅರಳಿ ಮರ. ರಾತ್ರಿಯೂ ಆಮ್ಲಜನಕ ಕೊಡುತ್ತದಂತೆ, 24 ಗಂಟೆಯಂತೆ. ಪ್ರತಿ ವಾರ ಮೊಬೈಲಿಗೆ ಬರುತ್ತದೆ, ಕೆಳಗೆ ಕೈ ಮುಗಿದ ಚಿತ್ರದೊಂದಿಗೆ. 1941ರಲ್ಲಿ ರೂಬೆನ್ ಮತ್ತು ಕಾಮೆನ್ ಎಂಬ ವಿಜ್ಞಾನಿಗಳ ತಂಡ ಭಾರದ ಆಮ್ಲಜನಕವಿರುವ (ಮಾಮೂಲಿಗಿಂತ ತೂಕ ಹೆಚ್ಚು, ಹಾಗಾಗಿ ಗುರುತು ಹಿಡಿಯಬಹುದು) ನೀರನ್ನು ಪಾಚಿಗೆ ಕೊಟ್ಟು ನೋಡಿತು. ಹೊರಬಂದ ಆಮ್ಲಜನಕ ನೀರಿನದ್ದೇ ಆಗಿತ್ತು. ನೀರನ್ನು ಒಡೆಯುವುದು ಬೆಳಕು. ಬೆಳಕಿಲ್ಲದಿದ್ದರೆ ಆಮ್ಲಜನಕವಿಲ್ಲ, ಅರಳಿಗೂ ಇಲ್ಲ, ತುಳಸಿಗೂ ಇಲ್ಲ. ಕೆಲವು ಗಿಡ ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿಟ್ಟುಕೊಳ್ಳುವುದು ನಿಜ, ಕಳ್ಳಿ, ಅನಾನಸ್ ಹಾಗೆ. ಅವೂ ಆಮ್ಲಜನಕ ಬಿಡುವುದು ಹಗಲಲ್ಲೇ. ಅರಳಿಕಟ್ಟೆಯ ನೆರಳು ನನಗೂ ಇಷ್ಟ, ಅದಕ್ಕೆ ಸುಳ್ಳು ಸರ್ಟಿಫಿಕೇಟ್ ಬೇಕಿಲ್ಲ. ಹಾಗೆಯೇ, ರಾತ್ರಿ ಕೋಣೆಯಲ್ಲಿ ಗಿಡದ ಕುಂಡ ಇದ್ದರೆ ಉಸಿರುಗಟ್ಟುತ್ತದೆ ಎನ್ನುವುದೂ ಸುಮ್ನೆ ಮಾತು. ಪಕ್ಕದಲ್ಲಿ ಗೊರಕೆ ಹೊಡೆಯುವವರು ಅದಕ್ಕಿಂತ ಎಷ್ಟೋ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ.

ಅಜ್ಜಿ ಮನೆಯಲ್ಲಿ ಬಚ್ಚಲೊಲೆ ಇತ್ತು. ಚಳಿಗಾಲದ ಬೆಳಗ್ಗೆ ಹಂಡೆ ನೀರು ಕಾಯಲು ಒಂದು ಹೊರೆ ಸೌದೆ ಬೇಕು. ಸಂಜೆ ಗೋರಿದರೆ ಒಂದೆರಡು ಬೊಗಸೆ ಬೂದಿ. ಹೊರೆಯ ಉಳಿದದ್ದೆಲ್ಲ ಬಂದ ದಾರಿಯಲ್ಲೇ ಗಾಳಿಗೆ ಹೋಗಿತ್ತು. ಯಾವುದೋ ವರ್ಷ ಎಲೆಯ ಮೇಲೆ ಬಿದ್ದಿದ್ದ ಬಿಸಿಲು ನನ್ನ ಬೆನ್ನ ಮೇಲೆ ಬಿಸಿನೀರಾಗಿ ಇಳಿದಿತ್ತು. ಇಂಗಾಲ ಮತ್ತೆ ಯಾವುದಾದರೂ ಎಲೆಗೆ ಸಿಕ್ಕೀತು. ಬಿಸಿ ಮಾತ್ರ ವಾಪಸ್ ಬರುವುದಿಲ್ಲ, ಅದು ಚೆದುರಿಹೋಯಿತು. ಬೂದಿಯೇ ಮಣ್ಣು ಕೊಟ್ಟಿದ್ದ ಪಾಲು: ಪೊಟ್ಯಾಷ್, ಸುಣ್ಣದ ಅಂಶ ಇತ್ಯಾದಿ. ಅಜ್ಜಿ ಅದನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದಳು.

ನಿನ್ನೆ ಇದನ್ನೆಲ್ಲ ನೆರೆಯವರಿಗೆ ಹೇಳಿದೆ. "ಹಾಗಾದ್ರೆ ನಾನು ಯಾಕೆ ಸಾರ್ ಗೊಬ್ಬರ ಹಾಕ್ಬೇಕು?" ಅಂದರು. ಒಳ್ಳೇ ಪ್ರಶ್ನೆ. ಗೊಬ್ಬರದ ಸಾರಜನಕ ಕಾಂಡದ ತೂಕಕ್ಕಲ್ಲ, ಎಲೆಯೊಳಗಿನ ಆ ಸಾವಿರ ಗುಮಾಸ್ತರಿಗೆ. ಎಲೆಗೆ ಸೇರುವ ಸಾರಜನಕದಲ್ಲಿ ಕಾಲು ಭಾಗದಷ್ಟು ರುಬಿಸ್ಕೋ ಒಂದಕ್ಕೇ ಹೋಗಬಹುದು. ಅವರು ಕೇಳಿಸಿಕೊಂಡು, ಡ್ರಮ್ಮಿಗೆ ಇನ್ನೊಂದು ಬುಟ್ಟಿ ಕಾಂಪೋಸ್ಟ್ ಸುರಿದರು. ಅದೂ ಇಳಿಯುತ್ತದೆ ಅಂತ ಹೇಳಿಯೇ ಬಂದಿದ್ದೇನೆ.