ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ಎರಡೇ ದಿನಕ್ಕೆ ಯಾಕೆ ಮಂಕಾಗುತ್ತದೆ?

ಓದುಗರ ಪ್ರಶ್ನೆ: ಅಜ್ಜಿಯ ಕಾಲದ ಹಿತ್ತಾಳೆ ಕಾಲುದೀಪವನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದಾಗ ಫಳಫಳ ಹೊಳೆಯುತ್ತದೆ. ಎರಡು ದಿನ ಕಳೆಯುವುದರೊಳಗೆ ಕಲೆ ಕಲೆಯಾಗಿ ಕಪ್ಪಾಗುತ್ತದೆ, ಕೆಲವು ಕಡೆ ತಾಮ್ರದ ಹಾಗೆ ಕೆಂಪಗೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಹುಣಸೆಹಣ್ಣು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಅದಾದ ಮೇಲಿನ ಎರಡು ಕೆಲಸ ಬಿಟ್ಟುಹೋಗಿವೆ: ಹುಳಿಯನ್ನು ಮುರಿಯುವುದು, ಪಸೆ ಉಳಿಯದಂತೆ ಒಣಗಿಸುವುದು.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಗಾಳಿ, ತೇವ, ಬೆವರು ತಾಗಿ ಮೇಲೆ ಕಂದು-ಕಪ್ಪು ಪದರ ಕಟ್ಟುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತದೆ, ಉಪ್ಪು ಆ ಕೆಲಸವನ್ನು ಚುರುಕು ಮಾಡುತ್ತದೆ. ಆದರೆ ಆಗ ಹೊರಬಂದ ಲೋಹಕ್ಕೆ ಮೈಮೇಲೆ ಏನೂ ಹೊದಿಕೆಯಿಲ್ಲ. ಕೆತ್ತನೆಯ ಸಂದಿಯಲ್ಲಿ ಉಳಿದ ಹುಳಿ-ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಮತ್ತೆ ತಿನ್ನತೊಡಗುತ್ತದೆ. ಹಸಿರು ಚುಕ್ಕೆಯ ಕಿಲುಬು ಹುಟ್ಟುವುದೂ ಅಲ್ಲಿಯೇ. ಕೆಂಪು ಬಣ್ಣಕ್ಕೆ ಕಾರಣ ಬೇರೆ. ಹುಳಿಯಲ್ಲಿ ಗಂಟೆಗಟ್ಟಲೆ ನೆನೆಹಾಕಿದರೆ ಸತು ಮೊದಲು ಕರಗಿ ಹೋಗುತ್ತದೆ, ಮೇಲ್ಮೈಯಲ್ಲಿ ತಾಮ್ರ ಉಳಿಯುತ್ತದೆ. ಬಳಸಿದ ಹುಳಿನೀರಿನಲ್ಲಿ ಕಬ್ಬಿಣದ ನಾರಿನಿಂದ ಉಜ್ಜಿದರೂ ನೀರಿನಲ್ಲಿ ಕರಗಿದ ತಾಮ್ರ ತೆಳುವಾಗಿ ಮತ್ತೆ ಅಂಟಿಕೊಳ್ಳುತ್ತದೆ.

ಶುರುಮಾಡುವ ಮೊದಲು ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಕಬ್ಬಿಣದ ಮೇಲೆ ಹಿತ್ತಾಳೆ ಲೇಪ. ಹುಳಿ ತಾಗಿಸಬೇಡಿ, ಸೋಪುನೀರಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಳಗೆ ಕಲಾಯಿ ಇರುವ ಪಾತ್ರೆಯಾದರೆ ಹೊರಮೈಯನ್ನು ಮಾತ್ರ ಬೆಳಗಿ. ಒಳಗೆ ಉಜ್ಜಿದರೆ ಕಲಾಯಿ ಸವೆಯುತ್ತದೆ. ಕಾಲುದೀಪದ ತಿರುಪುಗಳನ್ನು ಬಿಚ್ಚಿ ಬೇರೆ ಬೇರೆ ಮಾಡಿ. ಟೊಳ್ಳು ಕಂಬದೊಳಗೆ ನಿಂತ ನೀರು ಮರುದಿನ ಜೋಡಣೆಯಿಂದ ಇಳಿದು ಕಪ್ಪು ಗೆರೆ ಬಿಡುತ್ತದೆ. ನಿಮ್ಮ ಕಲೆಗಳಲ್ಲಿ ಕೆಲವು ಹೀಗೇ ಬಂದಿರಬಹುದು.

ಬತ್ತಿ ಇಡುವ ಬಟ್ಟಲಲ್ಲಿ ಹಸಿರು ಅಂಟು ಇದೆಯೇ? ಎಣ್ಣೆಯ ಕೊಬ್ಬಿನಾಮ್ಲ ತಾಮ್ರದೊಂದಿಗೆ ಸೇರಿ ಆದದ್ದು ಅದು. ಜಿಡ್ಡು ಇರುವಲ್ಲಿ ಹುಳಿ ಲೋಹವನ್ನು ಮುಟ್ಟುವುದಿಲ್ಲ, ಹಾಗಾಗಿ ಮೊದಲು ಜಿಡ್ಡು ಹೋಗಬೇಕು. ಒಂದು ಲೀಟರ್ ಬಿಸಿನೀರಿಗೆ ಎರಡು ಟೇಬಲ್ ಚಮಚ ವಾಷಿಂಗ್ ಸೋಡಾ ಹಾಕಿ, ಕೈಗವಸು ತೊಟ್ಟು, ಅರ್ಧ ಗಂಟೆ ನೆನೆಸಿ. ಸಂದಿಯದನ್ನು ಬಿದಿರು ಕಡ್ಡಿಯಿಂದ ಕೆರೆಯಿರಿ, ಚಾಕು ಬೇಡ.

ಈಗ ಹುಳಿ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಬೀಜ-ನಾರು ತೆಗೆದು ಗಟ್ಟಿಯಾಗಿ ಕಿವುಚಿ. ನಯವಾದ ಪಾತ್ರೆಗೆ ಅರ್ಧ ಚಮಚ ಪುಡಿ ಉಪ್ಪು ಸೇರಿಸಬಹುದು. ಕೆತ್ತನೆ ಇರುವ ದೀಪಕ್ಕೆ ಉಪ್ಪು ಬೇಡವೇ ಬೇಡ, ಸಂದಿಯಿಂದ ಅದನ್ನು ಪೂರ್ತಿ ತೆಗೆಯುವುದು ಕಷ್ಟ. ತೆಂಗಿನ ನಾರು ಅಥವಾ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ಐದು ನಿಮಿಷದೊಳಗೆ ತೊಳೆದುಬಿಡಿ. ಕಪ್ಪು ಉಳಿದಿದ್ದರೆ ಹೊಸ ಹುಳಿ ಹಚ್ಚಿ ಇನ್ನೊಂದು ಸಲ ಉಜ್ಜಿ, ಹೊತ್ತು ಹೆಚ್ಚಿಸಬೇಡಿ.

ತೊಳೆದ ತಕ್ಷಣ ಒಂದು ಲೀಟರ್ ನೀರಿಗೆ ಒಂದು ಟೇಬಲ್ ಚಮಚ ಅಡುಗೆ ಸೋಡಾ ಕದಡಿ ಅದರಲ್ಲಿ ಮುಳುಗಿಸಿ. ಗಂಡಭೇರುಂಡದ ರೆಕ್ಕೆಯ ಗೆರೆಗಳಿಂದಲೋ ನವಿಲಿನ ಕಣ್ಣಿನಿಂದಲೋ ಸಣ್ಣ ಗುಳ್ಳೆ ಎದ್ದರೆ ಅಲ್ಲಿ ಹುಳಿ ಇನ್ನೂ ಇದೆ ಎಂದರ್ಥ. ಗುಳ್ಳೆ ನಿಲ್ಲುವವರೆಗೆ ಬ್ರಷ್ ಆಡಿಸಿ, ಮೂರು ಸಲ ಒಳ್ಳೆಯ ನೀರಿನಲ್ಲಿ ಅದ್ದಿ. ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ, ಬಿಸಿಲಿನಲ್ಲಿ ಅರ್ಧ ಗಂಟೆ ತಲೆಕೆಳಗಾಗಿ ಇಡಿ. ಮಳೆಗಾಲವಾದರೆ ಹೇರ್ ಡ್ರೈಯರ್ ಹಿಡಿಯಿರಿ. ತಾನಾಗಿ ಒಣಗಲಿ ಎಂದು ಬಿಟ್ಟರೆ ಗಡಸು ನೀರಿನ ಹನಿ ಒಂದೊಂದೂ ಒಂದು ಕಲೆ.

ಹೊಳಪು ಬರುವುದು ಇದಾದ ಮೇಲಿನ ಒಣ ಉಜ್ಜಿನಿಂದ. ನುಣ್ಣಗಿನ ವಿಭೂತಿಯನ್ನು ಒಣ ಹತ್ತಿಬಟ್ಟೆಗೆ ಹಾಕಿ ಒಂದೇ ದಿಕ್ಕಿನಲ್ಲಿ ಉಜ್ಜಿ. ತೆಳು ಕೆಂಪು ಇದರಲ್ಲೇ ಹೋಗುತ್ತದೆ, ಆಳದ ಕೆಂಪಿಗೆ ಲೋಹದ ಪಾಲಿಶ್ ಬೇಕು. ರಂಗೋಲಿ ಪುಡಿ, ಇಟ್ಟಿಗೆ ಪುಡಿ ಗೀರು ಎಬ್ಬಿಸುತ್ತವೆ. ಹಳೆಯ ಕೆತ್ತನೆಯ ಮೊನೆಗಳು ಸವೆದು ಮುಖ ಚಪ್ಪಟೆಯಾಗಿರುವುದು ಎಷ್ಟೋ ಮನೆಗಳಲ್ಲಿ ಇವುಗಳಿಂದಲೇ.

ಬಾಟಲಿ ಪಾಲಿಶ್ ಕೊಂಡರೆ ಅಮೋನಿಯಾ ಇದೆಯೇ ನೋಡಿ. ಬಡಿದು ಮಾಡಿದ ಬಿಂದಿಗೆಯ ಕುತ್ತಿಗೆಯಂಥ ಕಡೆ ಲೋಹದೊಳಗೆ ಬಿಗಿತ ಉಳಿದಿರುತ್ತದೆ, ಅಮೋನಿಯಾ ಅಂಥಲ್ಲಿ ಬಿರುಕು ಬಿಡಿಸುತ್ತದೆ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾವೇ ಅದಕ್ಕೆ ಕಾರಣವೆಂದು 1921ರಲ್ಲಿ ವಿವರಿಸಲಾಯಿತು. ಕೂದಲೆಳೆಯ ಬಿರುಕು ಕಂಡ ಪಾತ್ರೆಗೆ ಅಂಥ ಪಾಲಿಶ್ ಹಚ್ಚಲೇಬೇಡಿ.

ಹೊಳಪು ಬಂದ ಮೇಲೆ ಬರಿಗೈಯಲ್ಲಿ ಹಿಡಿಯಬೇಡಿ, ಬೆರಳಚ್ಚು ಕಪ್ಪಾಗಿ ಮೂಡುತ್ತದೆ. ಬರೀ ಅಲಂಕಾರದ ಸಾಮಾನಿಗೆ ಜೇನುಮೇಣವನ್ನು ತೆಳುವಾಗಿ ಹಚ್ಚಿ ಒರೆಸಬಹುದು. ಹಚ್ಚುವ ದೀಪಕ್ಕೆ ಮೇಣ ಬೇಡ: ವಾರಕ್ಕೊಮ್ಮೆ ಎಣ್ಣೆ ಒರೆಸಿ ವಿಭೂತಿಯಲ್ಲಿ ಒಣ ಉಜ್ಜು ಕೊಟ್ಟರೆ, ಹುಳಿಯ ಕೆಲಸ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಸಾಕು.